ಗ್ಯಾರೇಜಿನ ಬೌನ್ಸರ್

“ಮನುಷ್ಯರಿಗೆ ಎರಡೇ ಕೈ ಸಾಕು ಅಂತ ಯಾವ ಪುಣ್ಯಾತ್ಮ ಲೆಕ್ಕ ಹಾಕಿದ್ನೋ?”

ಅಡುಗೆಮನೆಯಲ್ಲಿ ನಿಂತು ಅವಳು ಗೋಡೆಯನ್ನು ಕೇಳಿದಳು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಊಟದ ತಟ್ಟೆ. ಒಂದೇ ಕೈಯಲ್ಲಿ ಉಜ್ಜಲು ಹೋದರೆ ತಟ್ಟೆ ತೊಟ್ಟಿಯೊಳಗೆ ಗಿರಗಿರ ತಿರುಗುತ್ತಿತ್ತೇ ಹೊರತು ತೊಳೆದುಕೊಳ್ಳುತ್ತಿರಲಿಲ್ಲ. ಮಗುವನ್ನು ಕೆಳಗಿಡೋಣವೆಂದರೆ, ಬೆನ್ನಿಗೆ ಹಾಸಿಗೆ ತಾಗುವ ಮೊದಲೇ ಅದು ರಾಗ ಎಳೆಯುತ್ತಿತ್ತು.

ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಅತ್ತೆ ಕುಳಿತಿದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಮೇಲೆ ಅವರಿಗೆ ನೆಟ್ಟಗಿದ್ದದ್ದು ಬಾಯಿಯೊಂದೇ. “ಮಗೂನ ತೂಗೋಕೆ ಬೌನ್ಸರ್ ಬೇಕು, ಬೌನ್ಸರ್ ಬೇಕು ಅಂತ ಒಂದೇ ಸಮ ಹಟ ಹಿಡಿದಿದ್ದೀಯಲ್ಲ, ನಿನ್ನ ಗಂಡ ಬೆಳೆದಿದ್ದು ಅದರಲ್ಲೇನು?”

“ಆಗ ಎತ್ತಿಕೊಳ್ಳೋಕೆ ಮನೇಲಿ ಎಷ್ಟು ಜನ ಇದ್ರು ಅತ್ತೆ?”

ಅತ್ತೆ ಎಡಗೈಯಲ್ಲಿ ಎಣಿಸತೊಡಗಿದರು. ಓರಗಿತ್ತಿ, ಇಬ್ಬರು ನಾದಿನಿಯರು, ತಮ್ಮ ಅತ್ತೆ, ಪಕ್ಕದ ಮನೆಯ ಅಜ್ಜಿ... ಮಾವನವರ ಸರದಿ ಬರುವಷ್ಟರಲ್ಲಿ ಬೆರಳುಗಳು ಮುಗಿದವು.

ಅವಳೇನೂ ದೊಡ್ಡದು ಕೇಳಿರಲಿಲ್ಲ. ಅಂಗಡಿಯಲ್ಲಿ ಬ್ಯಾಟರಿ ಹಾಕಿದರೆ ಹಾಡುವುದಿತ್ತು, ತಲೆಯ ಮೇಲೆ ಗೊಂಬೆ ತೂಗುಬಿಟ್ಟದ್ದಿತ್ತು. ಅವಳ ಕಣ್ಣು ನಿಂತದ್ದು ಮೂಲೆಯಲ್ಲಿದ್ದ ಸಾದಾ ಬೌನ್ಸರ್ ಮೇಲೆ: ಬಾಗಿಸಿದ ತೆಳು ಕಂಬಿ, ಅದಕ್ಕೆ ಬಿಗಿದ ಬಟ್ಟೆ, ಸೊಂಟಕ್ಕೊಂದು ಪಟ್ಟಿ. ಮಗು ಕಾಲು ಝಾಡಿಸಿದರೆ ಸಾಕು, ತನ್ನಷ್ಟಕ್ಕೆ ತಾನೇ ತೂಗುತ್ತದೆ. ನೆಲದ ಮೇಲೇ ಇಡಬೇಕು, ನಿದ್ದೆ ಬಂದರೆ ಎತ್ತಿ ಹಾಸಿಗೆಗೆ ಹಾಕಬೇಕು ಎಂದು ನರ್ಸಮ್ಮ ಹೇಳಿದ್ದಳು. ಹಾಕೋಣ, ಅದಕ್ಕೇನು. ಅಷ್ಟರೊಳಗೆ ಎರಡೂ ಕೈಯಲ್ಲಿ ಒಮ್ಮೆ ತಲೆ ಬಾಚಿಕೊಂಡರೆ ಸಾಕಾಗಿತ್ತು.

ಗಂಡನಿಗೆ ಹೇಳಿದಾಗ ಅವನು ನಕ್ಕಿದ್ದ. ಅವನು ಮೆಕ್ಯಾನಿಕ್. ಸೀಟಿನ ಮೇಲೆ ಅಂಗೈ ಊರಿ ಒಮ್ಮೆ ಒತ್ತಿದರೆ ಗಾಡಿಯ ಯಾವ ಸ್ಪ್ರಿಂಗು ಸೋತಿದೆಯೆಂದು ಹೇಳಿಬಿಡುವವನು. ಗ್ಯಾರೇಜಿನವರು ಅವನನ್ನು ನಾಡಿವೈದ್ಯ ಎಂದೇ ಕರೆಯುತ್ತಿದ್ದರು. “ಕಂಬಿ, ಬಟ್ಟೆ, ಸ್ಪ್ರಿಂಗು. ಇಷ್ಟನ್ನ ನಾನು ಅಂಗಡಿಯಿಂದ ತಂದ್ರೆ ನಾಳೆ ಗ್ಯಾರೇಜಲ್ಲಿ ತಲೆ ಎತ್ಕೊಂಡು ಓಡಾಡ್ಲಾ? ನಾನೇ ಮಾಡ್ತೀನಿ, ಇರು,” ಎಂದಿದ್ದ. ಅವಳು ಇದ್ದಳು. ಒಂದೊಂದು ದಿನವೂ ಒಂದೊಂದು ಯುಗದಂತೆ ಕಳೆಯುತ್ತಿದ್ದರೂ ಇದ್ದಳು.

ಇವತ್ತು ಮಧ್ಯಾಹ್ನ ಅದು ಬಂತು. ಅಡ್ಡಡ್ಡ ತಿರುಗಿಸಿದ ಮೇಲಷ್ಟೇ ಬಾಗಿಲು ದಾಟಿತು. ಕಬ್ಬಿಣದ ಪೈಪು, ಸೀಟಿಗೆ ಹಾಕುವ ದಪ್ಪ ಬಟ್ಟೆ, ಅಡಿಯಲ್ಲಿ ನಾಲ್ಕು ಮೂಲೆಗೂ ಸ್ಕೂಟರಿನ ಸ್ಪ್ರಿಂಗು.

“ಇದು ಮಗೂಗೋ, ಮದುಮಗನಿಗೋ?” ಎಂದರು ಅತ್ತೆ.

“ಬೆಳೆಯೋ ಮಗು ಅಲ್ವೇನಮ್ಮಾ, ಸ್ಕೂಲಿಗೆ ಹೋಗೋವರೆಗೂ ಬರಲಿ ಅಂತ ದೊಡ್ಡದೇ ಮಾಡಿದೆ.” ಅವನು ಎರಡೂ ಅಂಗೈ ಊರಿ ಒತ್ತಿ ತೋರಿಸಿದ. “ಸಿಮೆಂಟ್ ಮೂಟೆ ಇಟ್ಟು ನೋಡಿದ್ದೀನಿ. ಜಪ್ಪಯ್ಯ ಅಂದ್ರೂ ಏನೂ ಆಗಲ್ಲ.”

ಅವಳು ಮಗುವನ್ನು ಮಲಗಿಸಿ ಪಟ್ಟಿ ಕಟ್ಟಿದಳು. ಮೂವರೂ ಉಸಿರು ಹಿಡಿದು ನೋಡಿದರು. ಮಗು ಕಾಲು ಝಾಡಿಸಿತು. ಏನೂ ಆಗಲಿಲ್ಲ. ಇನ್ನೊಮ್ಮೆ ಝಾಡಿಸಿತು. ಬಂಡೆಯ ಮೇಲೆ ಮಲ್ಲಿಗೆ ಮೊಗ್ಗು ಬಿದ್ದಂತೆ. ಬಂಡೆಗೆ ಸುದ್ದಿಯೇ ಇಲ್ಲ. ಮಗು ಸೂರನ್ನು ನೋಡಿತು, ತುಟಿ ಸೊಟ್ಟ ಮಾಡಿತು, ರಾಗ ಶುರುವಿಟ್ಟುಕೊಂಡಿತು.

“ನಿನ್ನ ಕೂಸೇನು ಲಾರಿನೇನೋ?” ಅತ್ತೆ ಕೇಳಿದರು.

ನಾಡಿವೈದ್ಯ ತಲೆ ಕೆರೆದುಕೊಂಡ. ದಿನವಿಡೀ ಸೋತ ಸ್ಪ್ರಿಂಗುಗಳನ್ನು ಬಿಚ್ಚಿ ಎಸೆಯುವ ಅವನಿಗೆ, ಸುಲಭಕ್ಕೆ ಬಗ್ಗುವುದೆಲ್ಲ ಕೆಟ್ಟುಹೋದದ್ದೇ. ಕೂಸಿನ ತೂಕಕ್ಕೆ ಬಗ್ಗುವಂಥದ್ದನ್ನು ಅವನ ಕೈ ಒಳ್ಳೆಯದೆಂದು ಒಪ್ಪಿಯೇ ಇರಲಿಲ್ಲ.

ಅವಳು ಬೈಯಲಿಲ್ಲ. ಬೈಯುವುದಕ್ಕೂ ತ್ರಾಣ ಬೇಕು. ಪಟ್ಟಿ ಬಿಚ್ಚಿ, ಮಗುವನ್ನು ಎತ್ತಿ ಅವನ ತೋಳಿಗೆ ಹಾಕಿದಳು. ಆ ಭಾರಿ ವಸ್ತುವನ್ನು ಗೋಡೆಗೆ ಸರಿಸಲು ಬಗ್ಗಿ ಒಮ್ಮೆ ನೂಕಿದಳು. ಹಾಗೇ ಅದರ ಮೇಲೆ ಕುಸಿದು ಕುಳಿತಳು.

ಸ್ಪ್ರಿಂಗು ಬಗ್ಗಿತು. ಮೆಲ್ಲಗೆ ಕೆಳಗಿಳಿಯಿತು, ಮೆಲ್ಲಗೆ ಮೇಲೆದ್ದಿತು, ಮತ್ತೆ ಇಳಿಯಿತು. ಬಟ್ಟೆ ಬೆನ್ನನ್ನು ಹಿಡಿದುಕೊಂಡಿತು. ಅವಳು ತಲೆ ಒರಗಿಸಿದಳು. ಎರಡೂ ಕೈಗಳು ಎರಡು ಪಕ್ಕಕ್ಕೆ ಜೋತುಬಿದ್ದವು, ಖಾಲಿಯಾಗಿ.

“ಹೇಗಿದೆ?” ಎಂದು ಅವನು ಕೇಳಿದ. ಮಗು ಅವನ ಕಿವಿಯ ಬಳಿಯೇ ಕಿರುಚುತ್ತಿತ್ತು. ಅವನು ಅಮ್ಮನ ಕಡೆ ನೋಡಿದ. ಅಮ್ಮ ಪ್ಲಾಸ್ಟರಿನ ಕೈ ಎತ್ತಿ ತೋರಿಸಿದರು.

“ಸ್ವಲ್ಪ ಏಳೇ, ಮಗೂನ ಇಸ್ಕೋ. ಇದನ್ನ ಈಗ್ಲೇ ಗ್ಯಾರೇಜಿಗೆ ಒಯ್ದು ಮೆತ್ತನೆ ಸ್ಪ್ರಿಂಗ್ ಹಾಕಿಸಿ ತರ್ತೀನಿ.”

ಅವಳು ಸ್ಪ್ರಿಂಗಿನ ಜೊತೆ ಇಳಿದಳು, ಏರಿದಳು.

“ಏಳೇ, ಮಗು ಅಳ್ತಿದೆ.”

“ಕೇಳಿಸ್ತಿದೆ,” ಎಂದಳು ಅವಳು, ಕಣ್ಣು ತೆರೆಯದೆ. “ನಾನು ಏಳಲ್ಲ.”