ಐಸ್ ಕಳ್ಳ

"ಡಬ್ಬಿಯ ಮುಚ್ಚಳ ತೆಗೆ," ಎಂದಳು ನರ್ಸಮ್ಮ.

ವ್ಯಾನ್ ಡ್ರೈವರ್ ತೆಗೆದ. ಲಸಿಕೆಯ ಸೀಸೆಗಳ ಸುತ್ತ ನಾಲ್ಕು ಐಸ್ ಪ್ಯಾಕ್ ಇರಬೇಕಿತ್ತು. ಇದ್ದದ್ದು ಎರಡು. ಉಳಿದೆರಡು ಅವನ ಸೀಟಿನಲ್ಲಿ, ಬೆನ್ನು ಒರಗುವ ಕಡೆ, ಟವೆಲ್ಲಿನೊಳಗೆ ಬೆವರುತ್ತಿದ್ದವು.

"ಎಷ್ಟು ದಿನದಿಂದ ನಡೀತಿದೆ ಇದು?"

"ಈ ವ್ಯಾನ್ ಕೆಲಸಕ್ಕೆ ಸೇರಿದಾಗಿಂದ. ಇಂಜಿನ್ ಬಿಸಿಗೆ ಬೆನ್ನು ಬೆಂದುಹೋಗುತ್ತೆ ಅಕ್ಕಾ." ಹಲ್ಲು ಕಿರಿದ. "ಆ ಸೀಸೆಗಳಿಗೂ ಪಾಪ, ಚಳಿ ಆಗಲ್ವಾ?"

"ಮಕ್ಕಳ ಜೀವದ ಜೊತೆ ಆಟ ಆಡ್ತೀಯಾ?"

"ನನ್ನಿಂದ ಯಾವ ಮಗುವಿಗೆ ಏನಾಗಿದೆ, ಹೇಳಿ ನೋಡೋಣ."

ಅವಳು ಅಂದೇ ಮೇಲಿನವರಿಗೆ ದೂರು ಕೊಟ್ಟಳು. ಅವನ ಕೆಲಸ ಹೋಯಿತು.

ಸರಿ ಮಾಡಿದೆನೇ ಎಂದು ಒಂದೆರಡು ದಿನ ಮನಸ್ಸು ಕುಟುಕಿತು. ಆದರೆ ಪೋಲಿಯೊ ಹನಿ ಹೊತ್ತು ಊರೂರು ತಿರುಗಿದ ಕಾಲದಿಂದ ಅವಳ ತಲೆಯಲ್ಲಿ ಕೂತಿದ್ದು ಒಂದೇ ಮಾತು: ತಂಪು ಕಡಿಮೆಯಾದರೆ ಲಸಿಕೆ ಕೆಡುತ್ತದೆ. ಇದಂತೂ ಹೆಪಟೈಟಿಸ್ ಬಿ ಲಸಿಕೆ. ಆ ರೋಗ ಸದ್ದಿಲ್ಲದೆ ಲಿವರ್ ತಿನ್ನುವುದನ್ನು ಅವಳು ಮನೆಯಲ್ಲೇ ಕಂಡಿದ್ದಳು. ಗಂಡ ಅದರಲ್ಲೇ ಹೋದ. ಬಸುರಿ ಮಗಳ ರಕ್ತದಲ್ಲೂ ಅದೇ ಇತ್ತು.

ಅಂದಿನಿಂದ ಡಬ್ಬಿ ಅವಳ ತೊಡೆಯ ಮೇಲೆ. ಫ್ರೀಜರಿನಿಂದ ಆಗಷ್ಟೇ ತೆಗೆದ ಪ್ಯಾಕುಗಳು, ನಾಲ್ಕಕ್ಕೆ ನಾಲ್ಕೂ. ಸಂದಿಗಳಲ್ಲಿ ಐಸಿನ ಚೂರು ಬೇರೆ.

ಮೊಮ್ಮಗಳು ಹುಟ್ಟಿದಾಗ ಮಗಳು ಕೇಳಿದ್ದು ಹೆಣ್ಣೋ ಗಂಡೋ ಎಂದಲ್ಲ.

"ಅಮ್ಮಾ, ನಂದು ಇದಕ್ಕೆ ಅಂಟಲ್ಲ ತಾನೇ?"

"ನಾನಿಲ್ವೇನೇ? ಸುಮ್ಮನೆ ಮಲಗು."

ಹುಟ್ಟಿದ ದಿನವೇ ಚುಚ್ಚುಮದ್ದು ಬೀಳಬೇಕು. ಡಬ್ಬಿಯಿಂದ ತೆಗೆದ ಸೀಸೆ ಬೆರಳಿಗೆ ಅಂಟಿಕೊಂಡಿತು. ಅಷ್ಟು ತಂಪು. ಅಂಗೈಗಳ ನಡುವೆ ಉಜ್ಜಿ ಕರಗಿಸಿ, ಪುಟ್ಟ ತೊಡೆಗೆ ತಾನೇ ಚುಚ್ಚಿದಳು. ಮುಂದಿನ ಡೋಸುಗಳನ್ನೂ ಬೇರೆಯವರ ಕೈಗೆ ಬಿಡಲಿಲ್ಲ.

ಮಗುವಿಗೆ ವರ್ಷ ತುಂಬಿದ ಮೇಲೆ ಸಂಶೋಧನೆಯ ತಂಡ ಬಂತು. ಲಸಿಕೆ ಯಾವ ಮಕ್ಕಳನ್ನು ಕಾಪಾಡಿದೆ, ಯಾರನ್ನು ಇಲ್ಲ ಎಂದು ರಕ್ತ ನೋಡುತ್ತಾರಂತೆ. ನರ್ಸಮ್ಮ ಮೊಮ್ಮಗಳ ತೋಳನ್ನೇ ಮೊದಲು ಚಾಚಿದಳು.

ಫಲಿತಾಂಶ ತಂದ ಡಾಕ್ಟರ್ ಅವಳ ಮಗಳ ವಯಸ್ಸಿನವಳು. ಕುರ್ಚಿ ಎಳೆದು ಕೊಟ್ಟರೂ ಕೂರಲಿಲ್ಲ.

"ಅಮ್ಮಾ, ನಿಮ್ಮ ಕಡೆಯ ಅರ್ಧಕ್ಕರ್ಧ ಮಕ್ಕಳಿಗೆ ಲಸಿಕೆ ಕೆಲಸವೇ ಮಾಡಿಲ್ಲ."

"ನನಗೆ ಗೊತ್ತಿತ್ತು!" ಎಂದಳು ನರ್ಸಮ್ಮ. "ಒಬ್ಬ ಐಸ್ ಕಳ್ಳ ಇದ್ದ. ಓಡಿಸಿದೆ ಅವನನ್ನ."

"ಸೀಸೆ ಯಾವತ್ತಾದರೂ ಹೆಪ್ಪುಗಟ್ಟಿತ್ತಾ?"

"ಅವನಿದ್ದಾಗ ಎಲ್ಲಿ ಹೆಪ್ಪುಗಟ್ಟಬೇಕು? ಈಗ ಪ್ರತಿ ಸಲ." ನರ್ಸಮ್ಮ ಮೊಮ್ಮಗಳನ್ನು ಸೊಂಟಕ್ಕೇರಿಸಿ ಕೆನ್ನೆ ಹಿಂಡಿದಳು. "ಇವಳದಂತೂ ಕಲ್ಲು! ನಾನೇ ಕರಗಿಸಿ ಹಾಕಿದ್ದು."

ಡಾಕ್ಟರಿಗೆ ಮಗುವಿನ ಮುಖ ನೋಡಲಾಗಲಿಲ್ಲ.

"ಹೆಪ್ಪುಗಟ್ಟಿದರೆ ಈ ಲಸಿಕೆ ಸತ್ತ ಹಾಗೆ, ಅಮ್ಮಾ. ರಕ್ಷಣೆ ಸಿಕ್ಕಿರೋದು ಆ ಕಳ್ಳನ ಕಾಲದ ಮಕ್ಕಳಿಗೆ ಮಾತ್ರ."