ಸಾಹೇಬರ ಕೀಬೋರ್ಡು

ಕೀಬೋರ್ಡ್ ಒರೆಸಲು ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆದಾಗಲೆಲ್ಲ ನನಗೆ ಲಿಂಗಸುಗೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ನಾನಾಗ ಮೂರನೇ ತರಗತಿಯಲ್ಲಿದ್ದೆ. ಗುಮಾಸ್ತನಾಗಿದ್ದ ಅಪ್ಪ ಕಂಪ್ಯೂಟರ್ ತೋರಿಸಲೆಂದು ನನ್ನನ್ನು ತನ್ನ ಆಫೀಸಿಗೆ ಕರೆದೊಯ್ದಿದ್ದ. ಹೊಸದಾಗಿ ವರ್ಗವಾಗಿ ಬಂದಿದ್ದ ಸಾಹೇಬರ ಮಗಳು ಅಲ್ಲಿ ಕೂತು, ಎಣ್ಣೆ ಹಚ್ಚಿದ ಮಂಡಕ್ಕಿ, ನಮ್ಮ ಕಡೆಯ ಮಂಡಾಳು, ಮೆಲ್ಲುತ್ತಲೇ ಕೀಲಿ ಒತ್ತುತ್ತಿದ್ದಳು. ಅವಳು ಎದ್ದ ಮೇಲೆ ಸಾಹೇಬರೇ ನನ್ನನ್ನು ಕೂರಿಸಿದರು. ಕೀಲಿಗಳು ಎಣ್ಣೆಯಿಂದ ಅಂಟಂಟಾಗಿದ್ದವು. ಒಂದೊಂದೇ ಅಕ್ಷರ ಹುಡುಕಿ ನನ್ನ ಹೆಸರು ಒತ್ತಿದೆ.

"ಭಾಳ ಶಾಣ್ಯಾ ಅದಾಳ. ಮನಿ ಎಲ್ಲೈತ್ರಿ ನಿಮ್ದು?" ಎಂದು ಸಾಹೇಬರು ಅಪ್ಪನನ್ನು ಕೇಳಿದರು.

ಅಪ್ಪ ಊರ ಹೊರಗಿನ ನಮ್ಮ ಕೇರಿಯ ಹೆಸರು ಹೇಳಿದ.

ಸಾಹೇಬರು ನಗುತ್ತಲೇ ನನ್ನನ್ನು ಏಳಿಸಿ, ಡ್ರಾದಿಂದ ಹತ್ತಿ ಮತ್ತು ಸ್ಪಿರಿಟ್ ತೆಗೆದರು. "ಧೂಳ ಭಾಳ ಕುಂತೈತಿ," ಎಂದು ಕೀಬೋರ್ಡನ್ನು ಬೋರಲು ಹಾಕಿ ತಟ್ಟಿದರು. ಮೇಜಿನ ಮೇಲೆ ಮಂಡಾಳಿನ ಚೂರುಗಳು ಉದುರಿದವು.

"ಕೊಡ್ರಿ ಸಾಹೇಬ್ರ, ನಾ ಒರಸ್ತೀನಿ," ಎಂದು ಅಪ್ಪ ಕೈಚಾಚಿದ.

"ಬ್ಯಾಡ ಬಿಡ್ರಿ, ನಾನ ಮಾಡ್ಕೊಂತೀನಿ."

ಅವರು ಒಂದೊಂದು ಕೀಲಿಯನ್ನೂ ಒರೆಸಿ ಮುಗಿಸುವವರೆಗೆ ನಾವಿಬ್ಬರೂ ಅಲ್ಲೇ ನಿಂತಿದ್ದೆವು. ಅಪ್ಪ ಚಾಚಿದ ಕೈಯನ್ನು ಜೇಬಿಗಿಳಿಸಿದ್ದ. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಸ್ಪಿರಿಟ್ಟಿನ ತಣ್ಣನೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು, ಅಷ್ಟೇ.

ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. "ಕಂಪ್ಯೂಟರಿನ್ಯಾಗ ಹೆಸರ ಬರದ್ಯೇನ ಬೇ?" ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಅಪ್ಪ, ಗೋಡೆಯ ಕಡೆ ತಿರುಗಿ ಅಂಗಿ ಬಿಚ್ಚುತ್ತ, "ಬರದಾಳ. ಒಂದಕ್ಷರ ತಪ್ಪಿಲ್ಲ," ಎಂದ.