ವಿಷಯದ ಸಾಲು

ಆ ಊರಲ್ಲಿ ಯಾರಿಗೆ ಇಮೇಲ್ ಬಂದರೂ ಬೀದಿ ಕಂಬದ ಸ್ಪೀಕರು ಅದನ್ನು ಗಟ್ಟಿಯಾಗಿ ಓದುತ್ತಿತ್ತು. ಸಂಜೀವಮ್ಮನ ಸಕ್ಕರೆ ಕಾಯಿಲೆಯ ರಿಪೋರ್ಟು ಕೂಡ ಬೀದಿಗೆಲ್ಲ ಬಾಯಿಪಾಠ. ಫಾಲಾಕ್ಷನಿಗೆ ಮಾತ್ರ ಇದು ಸುತರಾಂ ಒಗ್ಗಲಿಲ್ಲ. ಪತ್ರಕ್ಕೆ ಬೀಗ ಹಾಕುವ ತಂತ್ರಾಂಶವೊಂದನ್ನು ಬರೆದು, "ಪುಕ್ಕಟೆ ತಗೊಳ್ಳಿ, ಬಿಚ್ಚಿ ನೋಡಿ, ಬೇಕಾದ ಹಾಗೆ ತಿದ್ದಿ, ಪಕ್ಕದವರಿಗೂ ಕೊಡಿ" ಎಂದು ಮನೆಮನೆಗೆ ಹಂಚಿದ. ಬೀಗ ಹಾಕಿದ ಪತ್ರ ಬಂದರೆ ಕಂಬ ಬರೀ ಗೊರಗೊರ ಅನ್ನುತ್ತಿತ್ತು.

ಆ ಬೀಗ ಹಾಕುವುದನ್ನು ಮೊದಲು ಕಲಿತವಳು ಎದುರಿನ ಜೆರಾಕ್ಸ್ ಅಂಗಡಿಯ ಸುಧಾಮಣಿ. ಒಂದು ಬೆಳಿಗ್ಗೆ ಫಾಲಾಕ್ಷ ಧೈರ್ಯ ಮಾಡಿ ಅವಳಿಗೆ ಎರಡು ಪುಟ ಬರೆದ. ಬೀಗವನ್ನು ಮೂರು ಸಲ ಪರೀಕ್ಷಿಸಿ ಕಳಿಸಿದ.

ಕಂಬ ಗಂಟಲು ಸರಿಮಾಡಿಕೊಂಡಿತು. "ಸುಧಾಮಣಿಯವರಿಗೆ. ವಿಷಯ: ನನ್ನನ್ನು ಮದುವೆ ಆಗ್ತೀರಾ?" ಆಮೇಲೆ ಗೊರಗೊರ.

ಬೀಗ ಬೀಳುವುದು ಪತ್ರದ ಒಡಲಿಗಷ್ಟೇ, ವಿಷಯದ ಸಾಲು ಬಯಲಲ್ಲೇ ಇರುತ್ತದೆ ಎಂದು ಊರಿಗೆಲ್ಲ ಪಾಠ ಹೇಳಿದವನೇ ಅವನು! ಫಾಲಾಕ್ಷ ಮೇಜಿನ ಕೆಳಗೆ ಹೋಗಿ ಕೂತ.

"ಏನಮ್ಮಾ, ಏನು ಹೇಳ್ತೀಯಾ?" ಸಂಜೀವಮ್ಮ ಜಗಲಿಯಿಂದಲೇ ಕೂಗಿದರು. ಸುಧಾಮಣಿ ಕಂಪ್ಯೂಟರಿನ ಮುಂದೆ ಕೂತಳು. ಗಿರಾಕಿಗಳನ್ನು ಹೊರಗೆ ನಿಲ್ಲಿಸಿ, ಮಧ್ಯಾಹ್ನದವರೆಗೂ ಟೈಪ್ ಮಾಡಿದಳು.

ಕಂಬ ಮತ್ತೆ ಬಾಯಿಬಿಟ್ಟಿತು: "ಫಾಲಾಕ್ಷ ಅವರಿಗೆ. ವಿಷಯ: ಬೀದಿಗೆಲ್ಲ ಕೇಳುವ ಹಾಗೆ ಕೇಳಿದಿರಿ, ಬೀದಿಗೆಲ್ಲ ಕೇಳುವ ಹಾಗೇ ಹೇಳ್ತೀನಿ. ಆಗ್ತೀನಿ. ಉಳಿದದ್ದು ಬೀಗದೊಳಗಿದೆ."

ಆಮೇಲೆ ಶುರುವಾದ ಗೊರಗೊರ ಕಾಲು ಗಂಟೆಯಾದರೂ ನಿಲ್ಲಲಿಲ್ಲ. ಒಂದಕ್ಷರವೂ ತಿಳಿಯದಿದ್ದರೂ ಬೀದಿಯವರೆಲ್ಲ ಮುಸಿಮುಸಿ ನಗುತ್ತ ಕೊನೆಯವರೆಗೂ ನಿಂತು ಕೇಳಿದರು.